ವಿಶ್ವ ಕರ್ಲಿಂಗ್ ಚಾಂಪಿಯನ್‌ಷಿಪ್: ಪುರುಷರ ಮತ್ತು ಮಹಿಳೆಯರ ಪಂದ್ಯಾವಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ ಟಿವಿಯಲ್ಲಿ ಅಕಸ್ಮಾತ್ತಾಗಿ ಕರ್ಲಿಂಗ್ ಕಂಡು, ಮಂಜುಗಡ್ಡೆಯ ಮೇಲೆ ಇವರೇಕೆ ಇಷ್ಟು ಶ್ರದ್ಧೆಯಿಂದ ಗುಡಿಸುತ್ತಿದ್ದಾರೆ ಎಂದು ಬೆರಗಾದವರು ಅನೇಕರಿದ್ದಾರೆ. ಮಂಜುಗಡ್ಡೆಯ ಮೇಲೆ ಗ್ರಾನೈಟ್ ಕಲ್ಲುಗಳನ್ನು ಜಾರಿಸಿ, ದೂರದ ತುದಿಯ ಗುರಿಯ ನಡುವಿಗೆ ಆದಷ್ಟು ಹತ್ತಿರ ನಿಲ್ಲಿಸುವ ಆಟ ಇದು. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಆದರೆ ಈ ಆಟದ ಉತ್ತಮ ತಂಡಗಳು ಪ್ರತಿವರ್ಷ ಎದುರುಬದುರಾಗುವುದು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಆ ಪಂದ್ಯಾವಳಿಯನ್ನು ಹೊಸದಾಗಿ ನೋಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಪುರುಷರದೂ ಮಹಿಳೆಯರದೂ ಒಂದೇ ಪಂದ್ಯಾವಳಿಯೇ?

ಹೆಸರು ಒಂದೇ ಆದರೂ ಕೂಟಗಳು ಎರಡು. 1989ರಿಂದ 2004ರವರೆಗೆ ಎರಡೂ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ನಡೆಯುತ್ತಿದ್ದವು. 2005ರಿಂದ ಅವು ಬೇರೆಯಾದವು; ಮಹಿಳೆಯರ ಕೂಟ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ನಡೆದರೆ, ಅದು ಮುಗಿದ ಕೆಲವು ದಿನಗಳಲ್ಲೇ ಪುರುಷರ ಕೂಟ ಇನ್ನೊಂದು ಊರಿನಲ್ಲಿ, ಎಷ್ಟೋ ಸಲ ಇನ್ನೊಂದು ದೇಶದಲ್ಲಿ ಆರಂಭವಾಗುತ್ತದೆ. 2020ರಲ್ಲಿ ಕೋವಿಡ್ ಕಾರಣದಿಂದ ಎರಡೂ ರದ್ದಾದವು. ಮರುವರ್ಷ ಎರಡನ್ನೂ ಕೆನಡಾದ ಕ್ಯಾಲ್ಗರಿಯಲ್ಲಿ, ಪ್ರೇಕ್ಷಕರಿಲ್ಲದ ಖಾಲಿ ಅಂಗಣದಲ್ಲಿ ಆಡಿಸಲಾಯಿತು. ಎರಡನ್ನೂ ನಡೆಸುವುದು ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಕೇಂದ್ರ ಕಚೇರಿಯುಳ್ಳ, ಈಗ ವರ್ಲ್ಡ್ ಕರ್ಲಿಂಗ್ ಎಂದು ಕರೆಸಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ.

ಈ ಪಂದ್ಯಾವಳಿ ಹೇಗೆ ಆರಂಭವಾಯಿತು?

ಕರ್ಲಿಂಗ್‌ನ ತವರು ಸ್ಕಾಟ್ಲೆಂಡ್. ಅಲ್ಲಿಂದ ವಲಸೆ ಹೋದವರು ಅದನ್ನು ಕೆನಡಾಕ್ಕೆ ಒಯ್ದರು, ಕೆನಡಾ ಅದನ್ನು ತನ್ನದೇ ಆಟವನ್ನಾಗಿ ಮಾಡಿಕೊಂಡಿತು. 1959ರಲ್ಲಿ ಈ ಎರಡು ದೇಶಗಳ ಚಾಂಪಿಯನ್ ತಂಡಗಳ ನಡುವೆ ಸ್ಕಾಟ್ಲೆಂಡಿನಲ್ಲಿ ಐದು ಪಂದ್ಯಗಳ ಸರಣಿಯೊಂದು ನಡೆಯಿತು. ಸ್ಕಾಚ್ ವಿಸ್ಕಿ ತಯಾರಕರ ಸಂಘದ ಪ್ರಾಯೋಜಕತ್ವವಿದ್ದುದರಿಂದ ಅದಕ್ಕೆ ಸ್ಕಾಚ್ ಕಪ್ ಎಂಬ ಹೆಸರು ಬಂತು. ಎರ್ನಿ ರಿಚರ್ಡ್‌ಸನ್ ನಾಯಕತ್ವದ ಕೆನಡಾ ಐದಕ್ಕೆ ಐದನ್ನೂ ಗೆದ್ದಿತು. ಅಣ್ಣತಮ್ಮಂದಿರು ಮತ್ತು ದಾಯಾದಿಗಳು ಸೇರಿ ಕಟ್ಟಿದ್ದ ಆ ತಂಡ 1960, 1962 ಮತ್ತು 1963ರಲ್ಲೂ ಪ್ರಶಸ್ತಿ ಪಡೆಯಿತು. 1961ರಲ್ಲಿ ಅಮೆರಿಕ, 1962ರಲ್ಲಿ ಸ್ವೀಡನ್ ಸೇರಿಕೊಂಡವು. ಎರಡು ದೇಶಗಳ ಸ್ನೇಹ ಸರಣಿಯಾಗಿದ್ದುದು ಹೀಗೆ ಮೆಲ್ಲಗೆ ವಿಶ್ವ ಮಟ್ಟದ ಕೂಟವಾಯಿತು. 1966ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು.

ಮಹಿಳೆಯರು ಮಾತ್ರ ಇನ್ನೂ ಬಹಳ ಕಾಲ ಕಾಯಬೇಕಾಯಿತು. ಅವರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1979ರಲ್ಲಿ, ಪರ್ತ್‌ನಲ್ಲಿ; ಗೆದ್ದದ್ದು ಗ್ಯಾಬಿ ಕಾಸಾನೋವಾ ನಾಯಕತ್ವದ ಸ್ವಿಟ್ಜರ್ಲೆಂಡ್. ಕೆನಡಾದಲ್ಲಿ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ 1961ರಿಂದಲೇ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಈ ಇಪ್ಪತ್ತು ವರ್ಷಗಳ ವಿಳಂಬಕ್ಕೆ ಆಟಗಾರ್ತಿಯರ ಕೊರತೆ ಕಾರಣವಾಗಿರಲಿಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ.

ಎಷ್ಟು ತಂಡಗಳು ಆಡುತ್ತವೆ? ಅರ್ಹತೆ ಪಡೆಯುವುದು ಹೇಗೆ?

2018ರಲ್ಲಿ ತಂಡಗಳ ಸಂಖ್ಯೆ ಪ್ರತಿ ಕೂಟದಲ್ಲಿ 12ರಿಂದ 13ಕ್ಕೆ ಏರಿತು. ಈ ಉತ್ತರಗಳಲ್ಲಿ ವಿವರಿಸುವುದು ಆ 13 ತಂಡಗಳ ವ್ಯವಸ್ಥೆಯನ್ನೇ. ಯುರೋಪಿನ ದೇಶಗಳು ಯುರೋಪಿಯನ್ ಚಾಂಪಿಯನ್‌ಷಿಪ್ ಮೂಲಕ ಬರುತ್ತವೆ. 1975ರಲ್ಲಿ ಫ್ರಾನ್ಸಿನ ಮೆಜೆವ್‌ನಲ್ಲಿ ಮೊದಲಾದ ಆ ಕೂಟವೂ ಪುರುಷರ ಮತ್ತು ಮಹಿಳೆಯರ ತಂಡಗಳೆರಡಕ್ಕೂ ಇದೆ. ಅಮೆರಿಕ ಖಂಡಗಳು, ಏಷ್ಯಾ ಮತ್ತು ಓಷಿಯಾನಿಯಾದ ದೇಶಗಳಿಗೆ 2022ರಿಂದ ಪ್ಯಾನ್ ಕಾಂಟಿನೆಂಟಲ್ ಚಾಂಪಿಯನ್‌ಷಿಪ್ ಇದೆ. ಯುರೋಪಿಗೆ ಎಂಟು, ಉಳಿದವರಿಗೆ ಐದು ಸ್ಥಾನಗಳು.

ಇಲ್ಲಿ ಹೊಸಬರಿಗೆ ವಿಚಿತ್ರವೆನಿಸುವ ಸಂಗತಿಯೊಂದಿದೆ. ಆಯ್ಕೆ ಸಮಿತಿಯೊಂದು ದೇಶದ ಉತ್ತಮ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಆರಿಸಿ ತಂಡ ಕಟ್ಟುವ ಪದ್ಧತಿ ಕರ್ಲಿಂಗ್‌ನಲ್ಲಿ ಸಾಮಾನ್ಯವಲ್ಲ. ನಾಲ್ವರು ತಾವಾಗಿಯೇ ಒಂದಾಗಿ ವರ್ಷಗಟ್ಟಲೆ ಜೊತೆಯಲ್ಲಿ ಆಡುತ್ತಾರೆ, ತಂಡ ಅದರ ನಾಯಕರ ಹೆಸರಿನಿಂದಲೇ ಪರಿಚಿತವಾಗುತ್ತದೆ. ಕೆನಡಾದಲ್ಲಂತೂ 1927ರಿಂದ ನಡೆಯುತ್ತಿರುವ ಬ್ರೈಯರ್ ಎಂಬ ಪುರುಷರ ರಾಷ್ಟ್ರೀಯ ಕೂಟವನ್ನು ಗೆದ್ದ ತಂಡ ಇಡಿಯಾಗಿ ದೇಶದ ಅಂಗಿ ತೊಟ್ಟು ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತದೆ.

ತಂಡದಲ್ಲಿ ಎಷ್ಟು ಜನ, ಯಾರ ಕೆಲಸವೇನು?

ಅಂಗಣದಲ್ಲಿ ನಾಲ್ವರು, ಹೊರಗೆ ಒಬ್ಬ ಬದಲಿ ಆಟಗಾರ. ನಾಲ್ವರೂ ಕ್ರಮವಾಗಿ ತಲಾ ಎರಡು ಕಲ್ಲು ಬಿಡುತ್ತಾರೆ. ಅವರನ್ನು ಲೀಡ್, ಸೆಕೆಂಡ್, ಥರ್ಡ್, ಫೋರ್ತ್ ಎನ್ನುತ್ತಾರೆ. ನಾಯಕನನ್ನು ಸ್ಕಿಪ್ ಎಂದು ಕರೆಯುವುದು ರೂಢಿ. ಸ್ಕಿಪ್ ದೂರದ ತುದಿಯಲ್ಲಿ ನಿಂತು, ಕಲ್ಲನ್ನು ಯಾವ ಗುರಿಗೆ ಬಿಡಬೇಕೆಂದು ಬ್ರಷ್ ಹಿಡಿದು ತೋರಿಸುತ್ತಾನೆ, ಕಲ್ಲು ಬರುತ್ತಿರುವಾಗ ಗುಡಿಸಿ, ನಿಲ್ಲಿಸಿ ಎಂದು ಕೂಗುತ್ತಾನೆ. ಸಾಮಾನ್ಯವಾಗಿ ಕೊನೆಯ ಎರಡು ಕಲ್ಲುಗಳೂ ಅವನವೇ. ಆದರೆ ಹಾಗೇ ಇರಬೇಕೆಂಬ ನಿಯಮವಿಲ್ಲ. ಸ್ಕಿಪ್ ಮೂರನೆಯವನಾಗಿ ಆಡಿ, ನಾಲ್ಕನೆಯ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ತಂಡಗಳೂ ವಿಶ್ವ ಪ್ರಶಸ್ತಿ ಗೆದ್ದಿವೆ. ಸಿಲ್ವಾನಾ ತಿರಿನ್ಝೋನಿಯವರ ಸ್ವಿಸ್ ತಂಡದಲ್ಲಿ ಕೊನೆಯ ಕಲ್ಲುಗಳನ್ನು ಬಿಡುತ್ತಿದ್ದವರು ಆಲಿನಾ ಪೇಟ್ಸ್.

ಅಂಕ ಎಣಿಸುವುದು ಹೇಗೆ?

ಮಂಜಿನ ಅಂಗಣದ ಉದ್ದ ಸುಮಾರು 45.7 ಮೀಟರ್, ಅಗಲ ಹೆಚ್ಚೆಂದರೆ 5 ಮೀಟರ್. ಎರಡೂ ತುದಿಗಳಲ್ಲಿ ಒಂದರೊಳಗೊಂದು ಬರೆದ ವೃತ್ತಗಳ ಗುರಿ ಇರುತ್ತದೆ. ಅದಕ್ಕೆ ಹೌಸ್ ಎಂದು ಹೆಸರು, ನಟ್ಟನಡುವಿನ ಪುಟ್ಟ ವೃತ್ತ ಬಟನ್. ಒಂದು ತಂಡಕ್ಕೆ ಎಂಟರಂತೆ ಹದಿನಾರು ಕಲ್ಲುಗಳು ಒಂದಾದ ಮೇಲೊಂದರಂತೆ ಬಂದು ಮುಗಿದರೆ ಒಂದು ಎಂಡ್ ಮುಗಿದಂತೆ. ನಡುವಿಗೆ ಅತಿ ಸಮೀಪವಿರುವ ಕಲ್ಲು ಯಾವ ತಂಡದ್ದೋ ಆ ತಂಡಕ್ಕೆ ಮಾತ್ರ ಆ ಎಂಡಿನಲ್ಲಿ ಅಂಕ. ಎದುರಾಳಿಯ ಅತ್ಯಂತ ಸಮೀಪದ ಕಲ್ಲಿಗಿಂತಲೂ ಒಳಗಿರುವ ತನ್ನ ಕಲ್ಲುಗಳು ಎಷ್ಟಿವೆಯೋ ಅಷ್ಟು ಅಂಕ. ಎದುರಾಳಿಗೆ ಸೊನ್ನೆ. ಹೌಸ್‌ನ ಅಂಚನ್ನಾದರೂ ತಾಕದ ಕಲ್ಲು ಲೆಕ್ಕಕ್ಕಿಲ್ಲ. ಪಂದ್ಯಕ್ಕೆ ಹತ್ತು ಎಂಡ್‌ಗಳು, ಸಮವಾದರೆ ಇನ್ನೊಂದು.

ಎರಡು ಕಲ್ಲುಗಳಲ್ಲಿ ಯಾವುದು ಹತ್ತಿರ ಎಂಬುದು ಕಣ್ಣಿಗೆ ತಿಳಿಯದಿದ್ದರೆ, ನಡುವಿನ ರಂಧ್ರಕ್ಕೆ ಮೊನೆ ಊರಿ ಸುತ್ತಲೂ ತಿರುಗಿಸುವ ಅಳತೆಯ ಉಪಕರಣವನ್ನು ತರುತ್ತಾರೆ. ಮೂರು ಗಂಟೆಗಳ ಆಟ ಆ ಮುಳ್ಳಿನ ಕೂದಲೆಳೆಯ ಅಲುಗಾಟದ ಮೇಲೆ ನಿಂತ ಸಂದರ್ಭಗಳು ಅಪರೂಪವೇನಲ್ಲ.

ವೀಕ್ಷಕ ವಿವರಣೆಗಾರರು ಮಾತುಮಾತಿಗೂ ಹೇಳುವ ಹ್ಯಾಮರ್ ಎಂದರೇನು?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದೆ ಎನ್ನುವವರು ಇದನ್ನು ಓದಬೇಕು. ಒಂದು ಎಂಡಿನ ಹದಿನಾರನೆಯ ಕಲ್ಲನ್ನು, ಅಂದರೆ ಕೊನೆಯ ಕಲ್ಲನ್ನು ಬಿಡುವ ಹಕ್ಕಿಗೆ ಹ್ಯಾಮರ್ ಎನ್ನುತ್ತಾರೆ. ಕೊನೆಯ ಮಾತು ಯಾರದೋ ವಾದ ಅವರದು ಎನ್ನುವ ಹಾಗೆ, ಎಲ್ಲ ಕಲ್ಲುಗಳೂ ಬಂದು ಕುಳಿತ ಮೇಲೆ ಚಿತ್ರವನ್ನು ಬದಲಿಸುವ ಅವಕಾಶ ಹ್ಯಾಮರ್ ಇರುವ ತಂಡಕ್ಕಿರುತ್ತದೆ. ಎದುರಾಳಿ ಅದಕ್ಕೆ ಮರು ಉತ್ತರ ಕೊಡುವಂತಿಲ್ಲ.

ಆದರೆ ಅಂಕ ಗಳಿಸಿದ ತಂಡ ಮುಂದಿನ ಎಂಡಿನಲ್ಲಿ ಹ್ಯಾಮರ್ ಕಳೆದುಕೊಳ್ಳುತ್ತದೆ, ಮತ್ತು ಇಡೀ ತಂತ್ರಗಾರಿಕೆ ಹುಟ್ಟುವುದು ಈ ಒಂದು ನಿಯಮದಿಂದಲೇ. ಹ್ಯಾಮರ್ ಇಟ್ಟುಕೊಂಡು ಒಂದೇ ಒಂದು ಅಂಕ ಪಡೆಯುವುದು ಲಾಭವಲ್ಲ, ಹೆಚ್ಚುಕಡಿಮೆ ನಷ್ಟ. ಏಕೆಂದರೆ ಒಂದು ಅಂಕಕ್ಕೆ ಬದಲಾಗಿ ಮುಂದಿನ ಎಂಡಿನ ಕೊನೆಯ ಕಲ್ಲನ್ನು ಎದುರಾಳಿಗೆ ಕೊಟ್ಟಂತಾಗುತ್ತದೆ. ಆದ್ದರಿಂದ ಎರಡು ಅಂಕಗಳು ಸಿಗುವ ಸಾಧ್ಯತೆ ಇಲ್ಲವೆಂದು ಕಂಡಾಗ ಸ್ಕಿಪ್ ತನ್ನ ಕೊನೆಯ ಕಲ್ಲನ್ನು ಬೇಕೆಂದೇ ಹೌಸ್‌ನಿಂದಾಚೆಗೆ ಸಾಗಿಸಿ, ಹೌಸ್ ಖಾಲಿ ಮಾಡಿಬಿಡುತ್ತಾನೆ. ಯಾರಿಗೂ ಅಂಕವಿಲ್ಲದ ಅಂಥ ಎಂಡನ್ನು ಬ್ಲ್ಯಾಂಕ್ ಎಂಡ್ ಎನ್ನುತ್ತಾರೆ. ನಾಲ್ವರ ತಂಡಗಳ ಆಟದಲ್ಲಿ ಹ್ಯಾಮರ್ ಆಗ ಅದೇ ತಂಡದ ಬಳಿ ಉಳಿಯುತ್ತದೆ. ಹೊಸ ಪ್ರೇಕ್ಷಕರು ಇದನ್ನು ಗುರಿ ತಪ್ಪಿದ ಎಸೆತವೆಂದು ತಿಳಿದು ಮರುಗುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ಲೆಕ್ಕ ಹಾಕಿ ಮಾಡಿದ ಕೆಲಸ.

ಹ್ಯಾಮರ್ ಇಲ್ಲದ ತಂಡದ ಗುರಿ ಇದಕ್ಕೆ ತದ್ವಿರುದ್ಧ: ಎದುರಾಳಿ ಒಂದೇ ಅಂಕಕ್ಕೆ ತೃಪ್ತಿಪಡುವಂತೆ ಮಾಡುವುದು, ಸಾಧ್ಯವಾದರೆ ಹ್ಯಾಮರ್ ಇಲ್ಲದೆಯೇ ಅಂಕವನ್ನು ಕಸಿಯುವುದು. ಹೀಗೆ ಕಸಿದ ಅಂಕಕ್ಕೆ ಸ್ಟೀಲ್ ಎಂದು ಹೆಸರು. ಒಂದು ಅಂಕ ಮುಂದಿದ್ದು ಹ್ಯಾಮರ್ ಇಲ್ಲದೆ ಹತ್ತನೆಯ ಎಂಡಿಗೆ ಹೋಗುವುದು ಮೇಲೋ, ಒಂದು ಅಂಕ ಹಿಂದಿದ್ದು ಹ್ಯಾಮರ್ ಸಮೇತ ಹೋಗುವುದು ಮೇಲೋ ಎಂಬ ಚರ್ಚೆ ಆಟಗಾರರಲ್ಲಿ ಮುಗಿಯುವಂಥದ್ದಲ್ಲ.

ಮೊದಲ ಎಂಡಿನ ಹ್ಯಾಮರ್ ಯಾರಿಗೆ? ನಾಣ್ಯ ಚಿಮ್ಮುತ್ತಾರೆಯೇ?

ಇಲ್ಲ, ಅದಕ್ಕೂ ಆಡಿಯೇ ತೀರ್ಮಾನ. ಪಂದ್ಯಕ್ಕೆ ಮುಂಚಿನ ಅಭ್ಯಾಸದ ಕೊನೆಯಲ್ಲಿ ಪ್ರತಿ ತಂಡದ ಇಬ್ಬರು ಬೇರೆ ಬೇರೆ ಆಟಗಾರರು ಬಟನ್ ಕಡೆಗೆ ಒಂದೊಂದು ಕಲ್ಲು ಬಿಡುತ್ತಾರೆ; ಒಂದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಾ ಹೋಗಬೇಕು, ಇನ್ನೊಂದು ಅದರ ವಿರುದ್ಧ ದಿಕ್ಕಿನಲ್ಲಿ. ನಡುವಿನಿಂದ ಆ ಎರಡು ಕಲ್ಲುಗಳ ದೂರವನ್ನು ಸೆಂಟಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆದು ಕೂಡಿಸುತ್ತಾರೆ. ಮೊತ್ತ ಕಡಿಮೆಯಿರುವ ತಂಡ ಹ್ಯಾಮರ್ ಪಡೆಯುತ್ತದೆ. ಹೌಸ್ ಮುಟ್ಟದ ಕಲ್ಲಿಗೆ ದಂಡವಾಗಿ 199.6 ಸೆಂಟಿಮೀಟರ್ ಬರೆದುಕೊಳ್ಳುತ್ತಾರೆ. ಇದರ ಹೆಸರು ಲಾಸ್ಟ್ ಸ್ಟೋನ್ ಡ್ರಾ.

ಸಮನಾಗಿ ಪಂದ್ಯ ಗೆದ್ದ ತಂಡಗಳಲ್ಲಿ ಮುಂದೆ ಹೋಗುವವರು ಯಾರು?

ಪರಸ್ಪರ ಆಡಿದ ಪಂದ್ಯ ಗೆದ್ದವರು ಮೇಲೆ. ಮೂರ್ನಾಲ್ಕು ತಂಡಗಳು ಸಮನಾಗಿದ್ದು, ಒಬ್ಬರನ್ನೊಬ್ಬರು ಸುತ್ತುಬಳಸಿ ಸೋಲಿಸಿ ಆ ಲೆಕ್ಕವೂ ಬಗೆಹರಿಯದಿದ್ದರೆ, ಮೇಲೆ ಹೇಳಿದ ಅಭ್ಯಾಸದ ಕಲ್ಲುಗಳ ಸರಾಸರಿ ದೂರವನ್ನು ನೋಡುತ್ತಾರೆ. ಸರಾಸರಿ ತೆಗೆಯುವಾಗ ತೀರ ಕೆಟ್ಟ ಅಳತೆಯನ್ನು ಕೈಬಿಡುತ್ತಾರೆ. ಹಿಂದೆ ಇಂಥ ಸಂದರ್ಭಗಳಲ್ಲಿ ಟೈಬ್ರೇಕರ್ ಪಂದ್ಯ ಆಡಿಸುತ್ತಿದ್ದರು. ಆರು ತಂಡಗಳು ಮುಂದಿನ ಹಂತಕ್ಕೆ ಹೋಗುವ ಪದ್ಧತಿ ಬಂದ ಮೇಲೆ ಅದನ್ನು ತೆಗೆದುಹಾಕಲಾಯಿತು. ಎಂಟು ದಿನ ಆಡಿದ ತಂಡವೊಂದು ಪಂದ್ಯವೇ ಅಲ್ಲದ ಎಸೆತಗಳ ಸೆಂಟಿಮೀಟರುಗಳಿಂದ ಮನೆಗೆ ಹೋಗುವುದು ಕ್ರೂರವೆಂದು ನನಗೂ ಅನ್ನಿಸುತ್ತದೆ. ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಅಳತೆ ಅದು, ಹಾಗಾಗಿ ಅಭ್ಯಾಸದ ಆ ಎರಡು ಕಲ್ಲುಗಳನ್ನು ಯಾವ ತಂಡವೂ ಹಗುರವಾಗಿ ನೋಡುವುದಿಲ್ಲ.

ಲೀಗ್ ಹಂತದಿಂದ ಫೈನಲ್‌ವರೆಗೆ ದಾರಿ ಹೇಗೆ?

ಹದಿಮೂರು ತಂಡಗಳೂ ಪರಸ್ಪರ ಒಮ್ಮೊಮ್ಮೆ ಆಡುತ್ತವೆ. ಪ್ರತಿ ತಂಡಕ್ಕೆ 12 ಪಂದ್ಯ, ಒಟ್ಟು 78. ಮೊದಲ ಆರು ತಂಡಗಳು ಮುಂದಿನ ಹಂತಕ್ಕೆ ಹೋಗುತ್ತವೆ. ಮೊದಲೆರಡು ಸ್ಥಾನದವರಿಗೆ ನೇರವಾಗಿ ಸೆಮಿಫೈನಲ್. ಮೂರನೆಯವರು ಆರನೆಯವರೊಡನೆ, ನಾಲ್ಕನೆಯವರು ಐದನೆಯವರೊಡನೆ ಆಡಿ ಉಳಿದ ಎರಡು ಸ್ಥಾನಗಳನ್ನು ತುಂಬುತ್ತಾರೆ. ಈ ಹಂತದಲ್ಲಿ ಮೊದಲ ಹ್ಯಾಮರ್ ಲೀಗ್‌ನಲ್ಲಿ ಗೆಲುವು ಸೋಲುಗಳ ದಾಖಲೆ ಚೆನ್ನಾಗಿರುವ ತಂಡಕ್ಕೆ ದೊರೆಯುತ್ತದೆ. ಆದ್ದರಿಂದ ಮೊದಲ ಆರರಲ್ಲಿ ಸ್ಥಾನ ಖಚಿತವಾದ ಮೇಲೂ ಲೀಗ್ ಪಂದ್ಯಗಳಿಗೆ ಬೆಲೆ ಇರುತ್ತದೆ.

ಅವರು ಗುಡಿಸುವುದೇಕೆ? ನಿಜವಾಗಿ ಅದರಿಂದ ಏನಾದರೂ ಆಗುತ್ತದೆಯೇ?

ಆಗುತ್ತದೆ, ಬಹಳವೇ ಆಗುತ್ತದೆ. ಕಸ ತೆಗೆಯುವುದು ಇಂದಿನ ಒಳಾಂಗಣದ ಆಟದಲ್ಲಿ ಮುಖ್ಯ ಉದ್ದೇಶವಲ್ಲ. ಬ್ರಷ್‌ನ ಬಟ್ಟೆಯನ್ನು ಮಂಜಿನ ಮೇಲೆ ದೇಹದ ಭಾರ ಹಾಕಿ ರಭಸದಿಂದ ಉಜ್ಜಿದಾಗ ಮೇಲ್ಪದರ ಕ್ಷಣಕಾಲ ಸ್ವಲ್ಪ ಬೆಚ್ಚಗಾಗಿ, ಕಲ್ಲಿಗೂ ಮಂಜಿಗೂ ನಡುವಿನ ಘರ್ಷಣೆ ಕಡಿಮೆಯಾಗುತ್ತದೆ. ಹಾಗಾಗಿ ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಇನ್ನಷ್ಟು ನೇರವಾಗಿ ಹೋಗುತ್ತದೆ. ಬಿಟ್ಟ ಕಲ್ಲು ಗುರಿ ಸೇರಲು ಇಪ್ಪತ್ತೈದು ಸೆಕೆಂಡುಗಳ ಆಸುಪಾಸಿನ ಸಮಯ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಅದರ ಗತಿಯನ್ನು ತಿದ್ದುವ ಅಧಿಕಾರ ಗುಡಿಸುವವರ ಕೈಯಲ್ಲಿರುತ್ತದೆ. ಬಿಟ್ಟ ಬಾಣ ತಿರುಗಿ ಬಾರದು ಎಂಬ ಮಾತು ಕರ್ಲಿಂಗ್‌ನಲ್ಲಿ ಪೂರ್ತಿ ನಿಜವಲ್ಲ. ತಿರುಗಿ ಬಾರದಿದ್ದರೂ ಅದನ್ನು ದಾರಿಯಲ್ಲಿ ಓಲೈಸಬಹುದು. ಆದರೆ ಗುಡಿಸಿ ಕಲ್ಲನ್ನು ನಿಧಾನಗೊಳಿಸಲಾಗದು, ಆದ್ದರಿಂದ ಉತ್ತಮ ಆಟಗಾರರು ಕಲ್ಲನ್ನು ಒಂದಿಷ್ಟು ಮೆಲ್ಲಗೇ ಬಿಟ್ಟು, ಉಳಿದ ದೂರವನ್ನು ಬ್ರಷ್‌ಗೆ ಬಿಡುತ್ತಾರೆ.

ಬ್ರಷ್ ಎಷ್ಟು ಪ್ರಬಲವಾಗಬಹುದು ಎಂಬುದು 2015ರ ಋತುವಿನಲ್ಲಿ ದೊಡ್ಡ ವಿವಾದವಾಯಿತು. ಒರಟು ಬಟ್ಟೆಯ ಹೊಸ ಬಗೆಯ ಬ್ರಷ್‌ಗಳು ಮಂಜಿನ ಮೇಲೆ ಗೀರುಗಳನ್ನು ಮೂಡಿಸಿ, ಕಲ್ಲನ್ನು ಬೇಕಾದ ಕಡೆಗೆ ತಿರುಗಿಸುವಷ್ಟು ಶಕ್ತವಾಗಿದ್ದವು. ಬಿಟ್ಟವನ ಕೈಚಳಕಕ್ಕಿಂತ ಉಜ್ಜಿದವನ ಬಟ್ಟೆಯೇ ಗೆಲ್ಲುತ್ತಿದೆ ಎಂದು ಆಟಗಾರರೇ ದೂರಿದರು. 2016ರ ಮೇ ತಿಂಗಳಲ್ಲಿ ಕೆನಡಾದಲ್ಲಿ ಆಟಗಾರರೂ ವಿಜ್ಞಾನಿಗಳೂ ಒಟ್ಟುಗೂಡಿ ಬಗೆಬಗೆಯ ಬ್ರಷ್‌ಗಳನ್ನು ಪರೀಕ್ಷಿಸಿದರು. ಅದಾದ ಬಳಿಕ ಎಲ್ಲರಿಗೂ ಒಂದೇ ಬಗೆಯ ಅನುಮೋದಿತ ಬಟ್ಟೆ ಕಡ್ಡಾಯವಾಯಿತು.

ಇನ್ನೊಂದು ನಿಯಮವನ್ನೂ ಗಮನಿಸಬಹುದು: ಹೌಸ್‌ನ ನಡುವೆ ಅಡ್ಡಲಾಗಿ ಎಳೆದ ಗೆರೆಯನ್ನು ದಾಟಿದ ಕಲ್ಲನ್ನು ಎದುರಾಳಿಯೂ ಗುಡಿಸಬಹುದು. ಎದುರಾಳಿಯ ಕಲ್ಲನ್ನು ಹೌಸ್‌ನಿಂದಾಚೆಗೆ ಬೀಳ್ಕೊಡಲು ಸ್ಕಿಪ್ ಒಬ್ಬನೇ ಆವೇಶದಿಂದ ಉಜ್ಜುವ ದೃಶ್ಯಕ್ಕೆ ಇದೇ ಕಾರಣ.

ಕಲ್ಲು ಬಾಗಿ ಹೋಗುವುದೇಕೆ?

ಬಿಡುವಾಗ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಬಿಡುತ್ತಾರೆ. ದಾರಿಯಲ್ಲಿ ಕಲ್ಲು ಎರಡು ಮೂರು ಸುತ್ತು ತಿರುಗುತ್ತದೆ. ಹಾಗೆ ತಿರುಗುತ್ತಾ ಹೋಗುವ ಕಲ್ಲು ಕೊನೆಕೊನೆಗೆ ಪಕ್ಕಕ್ಕೆ ಬಾಗುತ್ತದೆ, ಒಂದು ಮೀಟರಿಗಿಂತಲೂ ಹೆಚ್ಚು. ಬಾಗುವ ದಿಕ್ಕೇ ಸೋಜಿಗ. ನುಣುಪಾದ ಮೇಜಿನ ಮೇಲೆ ಬೋರಲು ಹಾಕಿದ ಲೋಟವನ್ನು ತಿರುಗಿಸಿ ಜಾರಿಸಿದರೆ ಅದು ಒಂದು ಕಡೆಗೆ ಬಾಗುತ್ತದೆ. ಕರ್ಲಿಂಗ್ ಕಲ್ಲು ಸರಿಯಾಗಿ ಅದರ ವಿರುದ್ಧ ಕಡೆಗೆ ಬಾಗುತ್ತದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು, ಕಲ್ಲಿನ ಮುಂಭಾಗ ಮಂಜಿನಲ್ಲಿ ಮೂಡಿಸುವ ಸೂಕ್ಷ್ಮ ಗೀರುಗಳು ಹಿಂಭಾಗವನ್ನು ಪಕ್ಕಕ್ಕೆ ನಡೆಸುತ್ತವೆ ಎಂಬ ವಿವರಣೆ ಕೊಟ್ಟರು. ಘರ್ಷಣೆಯ ಹಂಚಿಕೆಯಿಂದಲೇ ಇದನ್ನು ವಿವರಿಸಬೇಕೆನ್ನುವ ಭೌತವಿಜ್ಞಾನಿಗಳು ಒಪ್ಪಲಿಲ್ಲ. ಚರ್ಚೆ ಇನ್ನೂ ನಡೆದಿದೆ.

ಬಾಗಲು ಮಂಜು ಕನ್ನಡಿಯಂತೆ ನುಣುಪಾಗಿರಬಾರದು. ಪಂದ್ಯಕ್ಕೆ ಮುಂಚೆ ಐಸ್ ತಜ್ಞರು ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದೆ ಹಿಂದೆ ನಡೆಯುತ್ತಾ ಸಣ್ಣ ಹನಿಗಳನ್ನು ಚಿಮುಕಿಸುತ್ತಾರೆ. ಅವು ಹೆಪ್ಪುಗಟ್ಟಿ ಪುಟ್ಟ ಗುಬುಟುಗಳಾಗುತ್ತವೆ; ಇದಕ್ಕೆ ಪೆಬಲ್ ಎಂದು ಹೆಸರು. ಕಲ್ಲಿನ ತಳ ಒಳಗೆ ತಗ್ಗಾಗಿದ್ದು, ಕೆಲವೇ ಮಿಲಿಮೀಟರ್ ಅಗಲದ ಉಂಗುರದಂಥ ಅಂಚು ಮಾತ್ರ ಈ ಗುಬುಟುಗಳ ತುದಿಯನ್ನು ತಾಕುತ್ತದೆ. ಆಟ ಸಾಗಿದಂತೆ ಗುಬುಟುಗಳು ಸವೆಯುತ್ತವೆ, ದಾರಿಗಳು ಬದಲಾಗುತ್ತವೆ. ಮೂರನೆಯ ಎಂಡಿನಲ್ಲಿ ಸರಿಯಾಗಿ ಬಂದ ಎಸೆತ ಎಂಟನೆಯದರಲ್ಲಿ ಬೇರೆಯೇ ಕಡೆ ಹೋಗಿ ನಿಲ್ಲಬಹುದು. ಇದನ್ನು ಓದಬಲ್ಲವನೇ ಒಳ್ಳೆಯ ಸ್ಕಿಪ್.

ಕಲ್ಲುಗಳು ಎಲ್ಲಿಂದ ಬರುತ್ತವೆ? ತಂಡಗಳೇ ತರುತ್ತವೆಯೇ?

ಬ್ರಷ್ ಮತ್ತು ಬೂಟು ಆಟಗಾರರವು, ಕಲ್ಲುಗಳು ಸಂಘಟಕರವು. ಹಿಡಿ ಸೇರಿ ಒಂದೊಂದರ ತೂಕ 17.24ರಿಂದ 19.96 ಕಿಲೋಗ್ರಾಂ. ಹೆಸರಾಂತ ಕಲ್ಲುಗಳು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ, ಕ್ಲೈಡ್ ಕೊಲ್ಲಿಯಲ್ಲಿರುವ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟ್‌ನಿಂದ ಆದವು. ದ್ವೀಪವೀಗ ಕಡಲ ಹಕ್ಕಿಗಳ ಆಶ್ರಯತಾಣ. ಅಲ್ಲಿಂದ ಆಗೊಮ್ಮೆ ಈಗೊಮ್ಮೆ ಮಾತ್ರ ಕಲ್ಲು ತರುತ್ತಾರೆ, 2013ರಲ್ಲಿ ಒಮ್ಮೆ ಹಾಗೆ ತಂದಿದ್ದರು. ಮಾಕ್ಲಿನ್ ಎಂಬ ಊರಿನ ಕೇಸ್ ಸಂಸ್ಥೆ ಅದನ್ನು ಕೊರೆದು ರೂಪಿಸುತ್ತದೆ. ಆ ದ್ವೀಪದ ಬ್ಲೂ ಹೋನ್ ಎಂಬ ಬಗೆ ನೀರನ್ನು ಬಹಳ ಕಡಿಮೆ ಹೀರುತ್ತದೆ, ಆದ್ದರಿಂದ ಹೆಪ್ಪುಗಟ್ಟಿ ಕರಗುವ ಕಾಟಕ್ಕೆ ಸಿಕ್ಕಿ ಚಕ್ಕೆ ಏಳುವುದಿಲ್ಲ. ಮಂಜನ್ನು ತಾಕುವ ತಳಕ್ಕೆ ಅದು ಹೇಳಿಮಾಡಿಸಿದಂತಿದೆ. ನೋಡಲು ಒಂದೇ ತೆರನಾಗಿದ್ದರೂ ಒಂದೊಂದು ಕಲ್ಲಿಗೂ ಒಂದೊಂದು ಗುಣ. ಯಾವುದು ಹೆಚ್ಚು ಬಾಗುತ್ತದೆ, ಯಾವುದು ಬೇಗ ನಿಲ್ಲುತ್ತದೆ ಎಂದು ತಂಡಗಳು ರಾತ್ರಿಯ ಅಭ್ಯಾಸದಲ್ಲಿ ಪರೀಕ್ಷಿಸಿ, ಒಂದಕ್ಕೊಂದು ಹೊಂದುವ ಜೋಡಿಗಳನ್ನು ಹಂಚಿಕೊಳ್ಳುತ್ತವೆ.

ಮುಂದೆ ಅಡ್ಡ ನಿಂತ ಕಲ್ಲನ್ನು ಮೊದಲೇ ಹೊಡೆದು ಹಾಕಬಾರದೇಕೆ?

ಹೌಸ್‌ನ ಮುಂದೆ ಕಾವಲಿಗೆ ನಿಲ್ಲಿಸಿದ ಕಲ್ಲಿಗೆ ಗಾರ್ಡ್ ಎನ್ನುತ್ತಾರೆ. ಹಿಂದೆ ಒಂದು ಕಲ್ಲು ಬಂದೊಡನೆ ಇನ್ನೊಂದು ಅದನ್ನು ಹೊಡೆದುಹಾಕುತ್ತಿತ್ತು. ಅಂಕಪಟ್ಟಿಯ ತುಂಬ ಸೊನ್ನೆಗಳೇ ತುಂಬಿ ಆಟ ಬೇಸರ ಹುಟ್ಟಿಸುವಂತಾಗಿತ್ತು. ಇದನ್ನು ತಪ್ಪಿಸಲು 1990ರ ದಶಕದ ಆರಂಭದಲ್ಲಿ ಫ್ರೀ ಗಾರ್ಡ್ ಝೋನ್ ನಿಯಮ ಬಂತು. ಎಂಡಿನ ಮೊದಲ ನಾಲ್ಕು ಕಲ್ಲುಗಳು ಬರುವವರೆಗೆ ಎದುರಾಳಿಯ ಗಾರ್ಡನ್ನು ಆಟದಿಂದ ಹೊರಹಾಕುವಂತಿರಲಿಲ್ಲ. 2018ರಿಂದ ಅದು ಐದು ಕಲ್ಲಾಯಿತು. ತಪ್ಪಿ ಹೊರಹಾಕಿದರೆ ಗಾರ್ಡನ್ನು ಅದರ ಜಾಗಕ್ಕೆ ಮರಳಿಸಿ, ಹೊಡೆದ ಕಲ್ಲನ್ನು ತೆಗೆದುಬಿಡುತ್ತಾರೆ. ಜಾಣ ಲೀಡ್‌ಗಳು ಗಾರ್ಡನ್ನು ಹೊರಹಾಕದೆ, ಮೆಲ್ಲಗೆ ತಾಕಿಸಿ ಪಕ್ಕಕ್ಕೆ ಸರಿಸುವ ಕಲೆಯನ್ನು ಕಲಿತುಕೊಂಡರು. ಅದರಿಂದಾಗಿ ಇತ್ತೀಚಿನ ಋತುಗಳಲ್ಲಿ, ಅಂಗಣದ ನಟ್ಟನಡುವೆ ಉದ್ದಕ್ಕೆ ಎಳೆದ ಗೆರೆಯ ಮೇಲಿರುವ ಗಾರ್ಡನ್ನು ಸರಿಸುವುದಕ್ಕೂ ತಡೆ ಬಂದಿದೆ. ನಿಯಮಕರ್ತರೂ ಆಟಗಾರರೂ ಹೀಗೆ ಒಬ್ಬರ ಮುಂದೊಬ್ಬರು ಹೆಜ್ಜೆ ಇಡುತ್ತಲೇ ಬಂದಿದ್ದಾರೆ.

ಎಷ್ಟು ಹೊತ್ತು ಬೇಕಾದರೂ ಯೋಚಿಸುತ್ತಾ ನಿಲ್ಲಬಹುದೇ?

ಇಲ್ಲ. ಹತ್ತು ಎಂಡ್‌ಗಳಿಗೆ ತಂಡವೊಂದಕ್ಕೆ 38 ನಿಮಿಷಗಳ ಯೋಚನಾ ಸಮಯ ಎಂಬುದು ದೀರ್ಘಕಾಲದ ನಿಯಮ. ಕಲ್ಲು ಚಲಿಸುತ್ತಿರುವಾಗ ಗಡಿಯಾರ ನಿಂತಿರುತ್ತದೆ.

ಯಾರಾದರೂ ಆಕಸ್ಮಿಕವಾಗಿ ಕಲ್ಲನ್ನು ತಾಕಿಬಿಟ್ಟರೆ?

ಚಲಿಸುವ ಕಲ್ಲಿಗೆ ಬ್ರಷ್ ಅಥವಾ ಕಾಲು ತಾಕಿದರೆ ತಾಕಿಸಿದವರೇ ಕೂಡಲೇ ಹೇಳಬೇಕೆಂಬುದು ಕರ್ಲಿಂಗ್‌ನ ಹಳೆಯ ಮರ್ಯಾದೆ. ದೂರದ ತುದಿಯಲ್ಲಿ ಹೌಸ್‌ಗೆ ಮುಂಚೆ ಅಡ್ಡಲಾಗಿ ಎಳೆದ ಹಾಗ್ ಲೈನ್ ಎಂಬ ಗೆರೆಯನ್ನು ದಾಟುವ ಮುಂಚೆ ತಾಕಿದ್ದರೆ ಆ ಕಲ್ಲನ್ನು ತೆಗೆಯುತ್ತಾರೆ. ಆಮೇಲಾದರೆ ಎಲ್ಲ ಕಲ್ಲುಗಳೂ ನಿಂತ ನಂತರ ಏನು ಮಾಡಬೇಕೆಂದು ಎದುರು ತಂಡದ ಸ್ಕಿಪ್ ತೀರ್ಮಾನಿಸುತ್ತಾನೆ.

ಈ ಬಗೆಯ ಘಟನೆಗಳಲ್ಲಿ 1972ರದ್ದು ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಜರ್ಮನಿಯ ಗಾರ್ಮಿಶ್ ಪಾರ್ಟೆನ್‌ಕಿರ್ಷೆನ್‌ನಲ್ಲಿ ನಡೆದ ಫೈನಲ್‌ನ ಕೊನೆಯ ಎಂಡಿನಲ್ಲಿ ಅಮೆರಿಕ ಎರಡು ಅಂಕ ಮುಂದಿತ್ತು. ಕೆನಡಾದ ಸ್ಕಿಪ್ ಒರೆಸ್ಟ್ ಮೆಲೆಶುಕ್ ಬಿಟ್ಟ ಕೊನೆಯ ಕಲ್ಲು ಅಮೆರಿಕದ ಕಲ್ಲನ್ನು ಹೊಡೆದು ಹೊರಳಿ ನಿಂತಿತು. ಗೆದ್ದೆವೆಂದುಕೊಂಡ ಅಮೆರಿಕದ ಆಟಗಾರನೊಬ್ಬ ಕೈಯೆತ್ತಿದ, ಸ್ಕಿಪ್ ಬಾಬ್ ಲಬಾಂಟೆ ಸಂತೋಷದಿಂದ ಜಿಗಿದು, ಕೆಳಗಿಳಿಯುವಾಗ ಜಾರಿ ಬಿದ್ದು, ಕಾಲಿನಿಂದ ಕೆನಡಾದ ಕಲ್ಲನ್ನು ಒದ್ದುಬಿಟ್ಟ. ಅಳೆಯುವ ಅವಕಾಶ ಅಲ್ಲಿಗೆ ಮುಗಿಯಿತು. ಕಲ್ಲು ಕೆನಡಾದ್ದೆಂದು ಎಣಿಸಲಾಯಿತು, ಪಂದ್ಯ ಸಮವಾಯಿತು, ಹೆಚ್ಚುವರಿ ಎಂಡಿನಲ್ಲಿ ಕೆನಡಾ 10–9ರಿಂದ ಗೆದ್ದಿತು. ಅದಾದ ಮೇಲೆ 1980ರವರೆಗೆ ಕೆನಡಾದ ಪುರುಷರಿಗೆ ಪ್ರಶಸ್ತಿ ದಕ್ಕಲಿಲ್ಲ; ಲಬಾಂಟೆಯ ಶಾಪ ತಟ್ಟಿತೆಂದು ಕರ್ಲಿಂಗ್ ಬಲ್ಲವರು ತಮಾಷೆಗೆ ಹೇಳುವುದುಂಟು.

ಎಂಡ್‌ಗಳು ಉಳಿದಿರುವಾಗಲೇ ಕೈಕುಲುಕಿ ಹೊರಡುತ್ತಾರಲ್ಲ?

ಗೆಲ್ಲುವ ದಾರಿ ಉಳಿದಿಲ್ಲವೆಂದು ಕಂಡಾಗ ಸೋಲೊಪ್ಪಿ ಕೈಚಾಚುವುದು ಇಲ್ಲಿ ಅವಮಾನವಲ್ಲ, ಸೌಜನ್ಯ. ಟಿಕೆಟ್ ಕೊಂಡ ಪ್ರೇಕ್ಷಕರ ಸಲುವಾಗಿ ಲೀಗ್ ಹಂತದಲ್ಲಿ ಕನಿಷ್ಠ ಆರು ಎಂಡ್‌ಗಳನ್ನು ಮುಗಿಸಬೇಕೆಂಬ ನಿಯಮವಿದೆ.

ಪುರುಷರ ಮತ್ತು ಮಹಿಳೆಯರ ಆಟದ ನಿಯಮಗಳಲ್ಲಿ ವ್ಯತ್ಯಾಸವಿದೆಯೇ?

ಒಂದೂ ಇಲ್ಲ. ಅದೇ ತೂಕದ ಕಲ್ಲು, ಅದೇ ಉದ್ದದ ಅಂಗಣ, ಅಷ್ಟೇ ಎಂಡ್‌ಗಳು. ಆಡುವ ಬಗೆಯಲ್ಲಿ ಮಾತ್ರ ವ್ಯತ್ಯಾಸ ಕಾಣಬಹುದು: ಪುರುಷರು ರಭಸದ ಹೊಡೆತದಿಂದ ಒಂದೇ ಕಲ್ಲಿನಲ್ಲಿ ಎರಡು ಮೂರನ್ನು ಹೊರಹಾಕುವ ಸಾಹಸಕ್ಕೆ ಹೆಚ್ಚಾಗಿ ಕೈಹಾಕುತ್ತಾರೆ, ಮಹಿಳೆಯರ ಪಂದ್ಯಗಳಲ್ಲಿ ಹೌಸ್‌ನಲ್ಲಿ ಕಲ್ಲುಗಳು ಹೆಚ್ಚು ಉಳಿದು ಎಂಡ್‌ಗಳು ಜಟಿಲವಾಗುತ್ತವೆ. ಎರಡರಲ್ಲಿ ಒಂದನ್ನೇ ನೋಡಬೇಕೆಂದರೆ ನಾನು ಮಹಿಳೆಯರ ಪಂದ್ಯವನ್ನೇ ಆರಿಸಿಕೊಳ್ಳುತ್ತೇನೆ.

ಯಾವ ದೇಶಗಳು ಬಲಿಷ್ಠ?

ಒಟ್ಟು ಪ್ರಶಸ್ತಿಗಳ ಎಣಿಕೆಯಲ್ಲಿ ಎರಡೂ ವಿಭಾಗಗಳಲ್ಲಿ ಕೆನಡಾವೇ ಬಹಳ ಮುಂದಿದೆ. ಆದರೆ ಪುರುಷರ ವಿಭಾಗದಲ್ಲಿ ಆ ಯಜಮಾನಿಕೆ ಸಡಿಲಗೊಂಡಿತು. 2017ರಲ್ಲಿ ಎಡ್ಮಂಟನ್‌ನಲ್ಲಿ ಬ್ರಾಡ್ ಗುಶು ತಂಡ ಒಂದೂ ಪಂದ್ಯ ಸೋಲದೆ ಗೆದ್ದ ಮೇಲೆ 2025ರವರೆಗೆ ಕೆನಡಾದ ಪುರುಷರಿಗೆ ಚಿನ್ನ ಸಿಗಲಿಲ್ಲ. ಆ ಅವಧಿ ಹೆಚ್ಚಾಗಿ ಸ್ವೀಡನ್ನಿನ ನಿಕ್ಲಾಸ್ ಎಡಿನ್ ಅವರದು: 2013, 2015, 2018, 2019, 2021, 2022 ಮತ್ತು 2024, ಒಟ್ಟು ಏಳು ವಿಶ್ವ ಪ್ರಶಸ್ತಿಗಳು. ಉಳಿದ 2023 ಮತ್ತು 2025ನ್ನು ಬ್ರೂಸ್ ಮೋವಟ್ ನಾಯಕತ್ವದ ಸ್ಕಾಟ್ಲೆಂಡ್ ಪಡೆಯಿತು.

ಮಹಿಳೆಯರಲ್ಲಿ ತಿರಿನ್ಝೋನಿಯವರ ಸ್ವಿಸ್ ತಂಡ 2019ರಿಂದ 2023ರವರೆಗೆ ನಡೆದ ನಾಲ್ಕೂ ಕೂಟಗಳನ್ನು ಗೆದ್ದಿತು. ಆಮೇಲೆ 2024 ಮತ್ತು 2025ರಲ್ಲಿ ರೇಚಲ್ ಹೋಮನ್ ಅವರ ಕೆನಡಾ ತಂಡ ಗೆದ್ದಿತು. ಹೋಮನ್ 2017ರಲ್ಲೂ ಬೀಜಿಂಗ್‌ನಲ್ಲಿ ಸೋಲರಿಯದೆ ಚಾಂಪಿಯನ್ ಆಗಿದ್ದವರು. ಏಷ್ಯಾಕ್ಕೆ ಮೊದಲ ವಿಶ್ವ ಪ್ರಶಸ್ತಿ ತಂದುಕೊಟ್ಟವರೂ ಮಹಿಳೆಯರೇ: 2009ರಲ್ಲಿ ದಕ್ಷಿಣ ಕೊರಿಯಾದ ಗಾಂಗ್‌ನಿಯುಂಗ್‌ನಲ್ಲಿ ವಾಂಗ್ ಬಿಂಗ್ಯು ನಾಯಕತ್ವದ ಚೀನಾ.

ಒಲಿಂಪಿಕ್ಸ್‌ಗೂ ಇದಕ್ಕೂ ಏನು ಸಂಬಂಧ?

ಒಲಿಂಪಿಕ್ಸ್‌ಗೆ ಬಹುಪಾಲು ತಂಡಗಳು ಬರುವುದು ಇದೇ ದಾರಿಯಿಂದ. 2026ರ ಕ್ರೀಡಾಕೂಟಕ್ಕೆ ಪ್ರತಿ ವಿಭಾಗದಲ್ಲಿ ಹತ್ತು ಸ್ಥಾನಗಳಿದ್ದವು. ಆತಿಥೇಯ ಇಟಲಿಗೆ ಒಂದು, 2024 ಮತ್ತು 2025ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಒಟ್ಟಾಗಿ ಹೆಚ್ಚು ಪಾಯಿಂಟ್ ಗಳಿಸಿದ ಏಳು ದೇಶಗಳಿಗೆ ಏಳು, ಪ್ರತ್ಯೇಕ ಅರ್ಹತಾ ಕೂಟದಿಂದ ಎರಡು. ಕರ್ಲಿಂಗ್ 1924ರ ಶಾಮೊನಿ ಕೂಟದಲ್ಲೇ ಇತ್ತು, ಆದರೆ ಅದು ಅಧಿಕೃತ ಪದಕದ ಆಟವೇ ಆಗಿತ್ತೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿದ್ದು 2006ರಲ್ಲಿ! ನಡುವೆ ಪ್ರದರ್ಶನದ ಆಟವಾಗಿ ಕಾಣಿಸಿಕೊಂಡು, 1998ರ ನಾಗಾನೊದಿಂದ ಪುರುಷರಿಗೂ ಮಹಿಳೆಯರಿಗೂ ಕಾಯಂ ಸ್ಥಾನ ಪಡೆಯಿತು. ಸ್ಕಾಟ್ಲೆಂಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತನ್ನದೇ ಹೆಸರಿನಲ್ಲಿ ಆಡುತ್ತದೆ; ಒಲಿಂಪಿಕ್ಸ್‌ನಲ್ಲಿ ಅದೇ ಆಟಗಾರರು ಗ್ರೇಟ್ ಬ್ರಿಟನ್ ಅಂಗಿ ತೊಡುತ್ತಾರೆ. ಹೆಸರು ಬದಲಾದುದನ್ನು ಕಂಡು ಗೊಂದಲಪಡುವವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಮೊದಲ ಸಲ ನೋಡುವವರು ಯಾವುದರ ಮೇಲೆ ಕಣ್ಣಿಡಬೇಕು?

ನಾಲ್ಕು ಅಂಗಣಗಳಲ್ಲಿ ಒಮ್ಮೆಗೇ ಪಂದ್ಯಗಳು ನಡೆಯುವುದರಿಂದ ಮೊದಲು ಒಂದನ್ನು ಆರಿಸಿಕೊಳ್ಳಬೇಕು. ಎಂಡ್ ಆರಂಭವಾದಾಗ ಹ್ಯಾಮರ್ ಯಾರದೆಂದು ನೋಡಿ. ಅಂಕಪಟ್ಟಿಯಲ್ಲಿ ಅದಕ್ಕೆ ಗುರುತಿರುತ್ತದೆ. ಆಮೇಲೆ ಕಲ್ಲು ಬಿಡುವವನನ್ನಲ್ಲ, ದೂರದಲ್ಲಿ ಬ್ರಷ್ ಹಿಡಿದು ನಿಂತ ಸ್ಕಿಪ್‌ನನ್ನು ನೋಡಿ, ಅವನು ತೋರಿಸಿದ ಜಾಗವನ್ನು ನೆನಪಿಟ್ಟುಕೊಂಡು, ಕಲ್ಲು ಅದಕ್ಕಿಂತ ಎಷ್ಟು ಆಚೀಚೆ ನಿಂತಿತು ಎಂದು ಲೆಕ್ಕ ಹಾಕುತ್ತಾ ಹೋಗಿ. ಆಟಗಾರರು ಅಂಗಿಗೆ ಸಿಕ್ಕಿಸಿಕೊಂಡ ಮೈಕ್‌ಗಳಿಂದ ಅವರ ಸಮಾಲೋಚನೆಯೂ ಪ್ರಸಾರದಲ್ಲಿ ಕೇಳಿಸುತ್ತದೆ. ಕೊನೆಯ ಕಲ್ಲಿಗೆ ಮುಂಚೆ ನಾಲ್ವರೂ ಹೌಸ್‌ನಲ್ಲಿ ನಿಂತು, ಒಂದು ಅಂಕ ತೆಗೆದುಕೊಳ್ಳೋಣವೇ, ಖಾಲಿ ಬಿಡೋಣವೇ ಎಂದು ಚರ್ಚಿಸುವಾಗ ಅವರು ಮಾತು ಮುಗಿಸುವ ಮೊದಲೇ ನೀವೂ ನಿಮ್ಮ ಉತ್ತರವನ್ನು ನಿಶ್ಚಯಿಸಿಕೊಂಡು ನೋಡಿ.